ಒಂದು ಗೇಣು ಕೆಳಗೆ

ಬೆಟ್ಟದ ಊರುಗಳ ಎತ್ತರ ಅಳೆಯುವುದು ನನ್ನ ಕೆಲಸ. ಸಾವಿರದ ಐನೂರು ಮೀಟರ್ ದಾಟಿದ ಊರಿಗೆ ಮಾತ್ರ ಚಳಿಗಾಲಕ್ಕೆ ಡಾಕ್ಟರನ್ನು ಕೊಡುತ್ತಾರೆ. ಹಿಮ ಬಿದ್ದು ರಸ್ತೆ ಮುಚ್ಚಿದರೆ ಎರಡು ತಿಂಗಳು ಅವರೇ ದಿಕ್ಕು. ನಮ್ಮೂರಿನ ಅಂಚೆ ಕಚೇರಿಯ ಮೆಟ್ಟಿಲಲ್ಲಿ ಒಂದು ಅಳತೆ ಕಲ್ಲಿದೆ; ಊರಿನ ಎತ್ತರವೆಂದರೆ ಅದರ ಎತ್ತರ. ಅದರ ಮೇಲೆ ಕೆತ್ತಿರುವ ಎತ್ತರ ಆ ಮಿತಿಗಿಂತ ಒಂದೇ ಒಂದು ಗೇಣು ಹೆಚ್ಚು. ಈ ವರ್ಷ ಮರು ಅಳತೆ. ಅಕ್ಕ ಎಂಟು ತಿಂಗಳ ಬಸುರಿ.

ಕೆಳಗಿನ ಊರಿನ ಸೇತುವೆಯ ಅಳತೆ ಕಲ್ಲಿನಿಂದ ಹೊರಟು ತಿರುವು ತಿರುವಿಗೂ ಯಂತ್ರ ನಿಲ್ಲಿಸುತ್ತ ಮೇಲೆ ಬಂದೆ. ಅಳತೆಯ ಕೋಲು ಹಿಡಿದದ್ದು ಅಪ್ಪ. ಕೆಲಸ ಬಿಟ್ಟ ಮೇಸ್ತ್ರಿ. ಆತ ಕಟ್ಟಿದ ಗೋಡೆ ಬಿರುಕು ಬಿಟ್ಟರೆ ತಪ್ಪು ಗೋಡೆಯದ್ದು. ಅಂಚೆ ಕಚೇರಿಯ ಆ ನಾಲ್ಕು ಮೆಟ್ಟಿಲೂ ಆತನ ಕೈಕೆಲಸವೇ. ಬಂದುಹೋದವರಿಗೆಲ್ಲ ತೋರಿಸಿ ಮೀಸೆ ತಿರುವುತ್ತಿದ್ದ.

ಲೆಕ್ಕ ಹಾಕಿದರೆ ಊರು ಮಿತಿಗಿಂತ ಒಂದು ಗೇಣು ಕೆಳಗಿತ್ತು.

ಮರುದಿನ ಮತ್ತೆ ಅಳೆದೆ. ಅಷ್ಟೇ. ಮೂರನೆಯ ದಿನ ಬೇರೆ ಯಂತ್ರ ತಂದೆ. ಅಷ್ಟೇ. ಊಟ ಸೇರಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಅಂಚೆ ಕಚೇರಿಯಿಂದ ಬಸ್ ನಿಲ್ದಾಣಕ್ಕೆ, ಅಲ್ಲಿಂದ ಮತ್ತೆ ಅಂಚೆ ಕಚೇರಿಗೆ, ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದೆ. ವರದಿ ಸಂಜೆಯ ಬಸ್ಸಿಗೆ ಹೋಗಬೇಕಿತ್ತು. ಸುಳ್ಳು ಬರೆಯಲು ಕೈ ಬರಲಿಲ್ಲ, ನಿಜ ಬರೆಯಲು ಧೈರ್ಯವಿರಲಿಲ್ಲ.

"ಕೋಲು ನೆಟ್ಟಗೆ ಹಿಡಿದಿದ್ದೀಯಾ ಅಪ್ಪಾ?" ಎಂದು ರೇಗಿದೆ.

"ಗೋಡೆ ನೆಟ್ಟಗಿದ್ಯಾ ಅಂತ ನಲವತ್ತು ವರ್ಷ ತೂಗುಗುಂಡು ಹಿಡಿದು ನೋಡ್ದೋನಿಗೆ ಕೇಳೋ ಮಾತಾ ಇದು?"

"ಹಾಗಾದ್ರೆ ಊರೇ ಕುಸೀತಾ? ಅಕ್ಕನಿಗೆ ನೋವು ಬಂದಾಗ ಯಾರನ್ನ ಕರೀಲಿ? ನಿನ್ನ ತೂಗುಗುಂಡನ್ನಾ?"

ಅಪ್ಪ ಕೋಲನ್ನು ಗೋಡೆಗೆ ಒರಗಿಸಿ, ಕೆಳಗಿನ ಮೆಟ್ಟಿಲಲ್ಲಿದ್ದ ಅಳತೆ ಕಲ್ಲಿನ ಪಕ್ಕ ಕುಳಿತ.

"ಊರು ಕುಸಿದಿಲ್ಲ ಮಗಳೇ. ಈ ಕಲ್ಲು ಮೊದ್ಲು ಮೇಲಿನ ಮೆಟ್ಟಿಲಲ್ಲಿತ್ತು. ಎಲ್ರೂ ಎಡವೋರು. ಮೆಟ್ಟಿಲು ಹೊಸದಾಗಿ ಕಟ್ಟೋವಾಗ ಕಿತ್ತು ಇಲ್ಲಿ ಕೂರಿಸ್ದೆ. ಚೆನ್ನಾಗಿ ಕಾಣ್ತಿತ್ತು."

ಮೂರು ಮೆಟ್ಟಿಲ ಅಂತರ, ಸರಿಯಾಗಿ ಎರಡು ಗೇಣು: ಮಿತಿಗಿಂತ ಮೇಲೆ ಒಂದು, ಕೆಳಗೆ ಒಂದು. ನನಗೆ ಮೈಯೆಲ್ಲ ಉರಿಯಿತು.

"ಮೂರು ದಿನ ನಾನು ಒದ್ದಾಡೋದನ್ನ ನೋಡ್ಕೊಂಡು ಬಾಯಿ ಮುಚ್ಕೊಂಡಿದ್ಯಲ್ಲಾ!"

ಆತ ಕಲ್ಲಿನ ಮೇಲಿನ ಅಕ್ಷರಗಳನ್ನು ತೋರಿಸಿದ: ಕದಲಿಸಿದವರಿಗೆ ಶಿಕ್ಷೆ. "ಇದನ್ನ ಆಗ್ಲೂ ಓದಿದ್ದೆ. ಅಲ್ಪಸ್ವಲ್ಪ ಜರುಗಿಸಿದ್ರೆ ಏನು ಮಹಾ ಅಂದ್ಕೊಂಡೆ."

"ನಿನ್ನ ಮಾತು ನಮ್ಮ ಅಳತೆ ಕಚೇರಿಯೋರು ನಂಬಲ್ಲ. ಸಾಕ್ಷಿ ಬೇಕು."

ಅಪ್ಪ ಮನೆಗೆ ಹೋಗಿ ಹಾರೆ, ಸುತ್ತಿಗೆ ತಂದ. ಅಂಚೆಯಣ್ಣ ಬಾಗಿಲಿಗೆ ಬಂದು "ಏನ್ ಮಾಡ್ತಿದ್ದೀರಿ ಮೇಸ್ತ್ರೀ, ನಿಮ್ಮ ಮೆಟ್ಟಿಲು!" ಎಂದು ಕೂಗಿಕೊಂಡರು. ಅಪ್ಪ ತನ್ನ ಕೈಯಾರೆ ಕೂರಿಸಿದ್ದ ಮೇಲಿನ ಚಪ್ಪಡಿಯನ್ನು ಎರಡು ಹೋಳು ಮಾಡಿ ಎತ್ತಿದ. ಅಡಿಯ ಹಳೆಯ ಗಾರೆಯಲ್ಲಿ ಚೌಕಾಕಾರದ ಗುಳಿಯಿತ್ತು. ಅಳತೆ ಕಲ್ಲನ್ನು ಎಬ್ಬಿಸಿ ತಂದು ಇಟ್ಟ. ಕೂದಲೆಳೆಯ ಸಂದಿಲ್ಲದೆ ಕೂತಿತು. ಅದರ ಮೇಲೆ ಕೋಲು ಹಿಡಿದ. ಯಂತ್ರದಲ್ಲಿ ನೋಡುವಾಗ ಕಣ್ಣು ಮಂಜಾಗಿ ಎರಡು ಸಲ ಒರೆಸಿಕೊಳ್ಳಬೇಕಾಯಿತು. ಒಂದು ಗೇಣು ಮೇಲೆ.

ಬಸ್ಸಿನ ಹಾರ್ನ್ ತಿರುವಿನಲ್ಲಿ ಕೇಳಿಸಿತು. ವರದಿಯಲ್ಲಿ ಒಂದು ಜಾಗ ಖಾಲಿಯಿತ್ತು: ಕಲ್ಲು ಕದಲಿಸಿದವರು. ನನ್ನ ಪೆನ್ನು ಅಲ್ಲೇ ನಿಂತಿತು.

"ಗೊತ್ತಿಲ್ಲ ಅಂತ ಬರೀಲಾ ಅಪ್ಪಾ?"

"ಮೂರು ದಿನ ನಿಜ ಹುಡುಕಿ, ಕೊನೇ ಸಾಲಲ್ಲಿ ಸುಳ್ಳು ಬರೀತೀಯಾ?" ಆತ ಕೈಯ ಗಾರೆ ಕೊಡವಿಕೊಂಡ. "ಮೇಸ್ತ್ರಿ ಅಂತ ಬರಿ. ಪಕ್ಕದಲ್ಲಿ, ಅಳೆದವಳ ಅಪ್ಪ ಅಂತಾನೂ ಬರಿ."