ಮುದುಕಿಯ ಎದೆಯ ಮೇಲೆ ಹತ್ತೊಂಬತ್ತು ದಿನ

ನನ್ನ ತಮ್ಮ ಲಕಾನೆಯನ್ನು ಮಣ್ಣು ಮಾಡಿ ಹನ್ನೆರಡು ದಿನವಾಗಿತ್ತು. ಕೊಂದವರು ಹೊಳೆಯಾಚೆಯ ಯಾಂಬು ಕುಲದವರು. ಆ ಮಧ್ಯಾಹ್ನ ನಮ್ಮ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತ ಮುದುಕಿ ಬಾಯಿ ತೆರೆಯುತ್ತಲೇ ಆಚೆಯವಳೆಂದು ತಿಳಿಯಿತು. ಅವಳು ತಲೆಯಿಂದ ಬೆನ್ನಿಗೆ ಇಳಿಬಿಟ್ಟಿದ್ದ, ಹುರಿಯಿಂದ ಹೆಣೆದ ಬಿಲುಮ್ ಚೀಲದಲ್ಲಿ, ಬಾಳೆ ಎಲೆ ಸುತ್ತಿದ ಗಂಡುಕೂಸಿತ್ತು.

"ಏಳು ತಿಂಗಳಿಗೇ ಹುಟ್ಟಿತು," ಎಂದಳು. "ನಿಮ್ಮವರು ಮನೆ ಸುಟ್ರು. ಓಡ್ತಾ ಓಡ್ತಾ ಸೊಸೆ ಗೆಣಸಿನ ಹೊಲದಲ್ಲೇ ಹೆತ್ತಳು. ರಕ್ತ ನಿಲ್ಲಲೇ ಇಲ್ಲ, ಹೋದಳು."

"ನಮ್ಮವರು ಸುಟ್ರೆ ನಿಮ್ಮವರೇನು ಹೂ ಮುಡಿಸಿದ್ರಾ? ನನ್ನ ತಮ್ಮನ್ನ ಕೊಂದೋರು ಯಾರು?"

"ಗೊತ್ತಿಲ್ಲ. ಗೊತ್ತಿದ್ರೂ ನಿಂಗೆ ಹೇಳ್ತಿರ್ಲಿಲ್ಲ. ನರ್ಸಮ್ಮ ತಾನೆ ನೀನು? ಕೂಸು ನೋಡು."

ಎಲೆ ಬಿಡಿಸಿದೆ. ಒಂದೂಕಾಲು ಕಿಲೋ. ಪಾದ ತಣ್ಣಗಿತ್ತು, ತುಟಿ ನೀಲಿ. ಉಸಿರು ನಡುನಡುವೆ ನಿಲ್ಲುತ್ತಿತ್ತು. ಸುಳ್ಳು ಹೇಳುವುದಿಲ್ಲ, ತಾನಾಗಿಯೇ ಪೂರ್ತಿ ನಿಂತುಬಿಡಲಿ ಎಂದು ಒಂದು ಗಳಿಗೆ ಬಯಸಿದೆ. ಆದರೆ ಹದಿನೇಳು ವರ್ಷದ ಅಭ್ಯಾಸ, ಬೆರಳು ಅದರ ಅಂಗಾಲನ್ನು ಉಜ್ಜುತ್ತಲೇ ಇತ್ತು.

"ಅದೋ, ಕೂಸಿಗೆ ಕಾವು ಕೊಡೋ ಗಾಜಿನ ಪೆಟ್ಟಿಗೆ ಇದೆಯಲ್ಲ. ಅದರೊಳಗೆ ಇಡು," ಎಂದಳು.

"ಕರೆಂಟಿಲ್ಲ. ಜನರೇಟರಿನ ಡೀಸೆಲ್ ನಮ್ಮ ಗಂಡಸರು ಒಯ್ದಿದ್ದಾರೆ."

"ನಮ್ಮ ಮನೆ ಸುಡೋಕೆ."

ಅವಳ ಅಂಗಿ ಬಿಚ್ಚಿಸಿ, ಕೂಸನ್ನು ಅವಳ ಬರಿಯ ಎದೆಗೆ ಒತ್ತಿ, ಬಟ್ಟೆಯಿಂದ ಬಿಗಿಯಾಗಿ ಕಟ್ಟಿದೆ.

"ಇನ್ನು ನಿನ್ನ ಮೈಕಾವೇ ಇದಕ್ಕೆ ಗತಿ. ಮಲಗಿದಾಗಲೂ ಇಳಿಸಬಾರದು."

"ಇಲ್ಲೇ ಇದ್ರೆ ನಿಮ್ಮವರು ನನ್ನ ಕಡಿದು ಹಾಕ್ತಾರೆ."

"ಹೊರಗೆ ಚಳೀಲಿ ಹೋದ್ರೆ ಇದು ಸಾಯುತ್ತೆ. ಯಾವುದು ಬೇಕೋ ನೋಡ್ಕೋ."

ಮುದುಕಿ ಉಳಿದಳು.

ಹಾಲು ಬೇಕಿತ್ತು. ಪಕ್ಕದ ಕೋಣೆಯಲ್ಲಿ ನಮ್ಮ ಕುಲದ ಬಾಣಂತಿ ಲೀಪಾನ್ ಹೊಲಿಗೆ ಕೀವಾಗಿ ಮಲಗಿದ್ದಳು. ಕೇಳಿದೆ. ಗೋಡೆಯ ಕಡೆ ತಿರುಗಿದಳು.

"ಅವಳ ಮುಖ ನನಗೆ ತೋರಿಸ್ಬೇಡ. ನನ್ನ ಗಂಡನಿಗೂ ಹೇಳ್ಬೇಡ. ಲೋಟ ಕೊಡು."

ಆ ಹಾಲನ್ನು ಕೂಸಿನ ಮೂಗಿನೊಳಗೆ ಹಾಕಿದ ಸಣ್ಣ ನಳಿಗೆಯಲ್ಲಿ ಎರಡು ಗಂಟೆಗೊಮ್ಮೆ ಹನಿಹನಿಯಾಗಿ ಇಳಿಸಿದೆ. ಮುದುಕಿಗೆ ನನ್ನ ಪಾಲಿನ ಗೆಣಸು ಕೊಟ್ಟರೆ, "ವಿಷ ಹಾಕಿದ್ದೀಯೇನು?" ಎಂದು ಮೂಸಿ ತಿನ್ನುತ್ತಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಚಿಕ್ಕಪ್ಪನ ಮಗ ಟೀಪಾಯ್ ಕೊಡಲಿ ಹಿಡಿದು ಬಂದ.

"ಅಕ್ಕಾ, ಹಾವಿನ ಮರಿಗೆ ಹಾಲೆರೀತಿದ್ದೀಯಂತೆ. ನಾಳೆ ಇವನೇ ನಮ್ಮ ಮೇಲೆ ಬಂದೂಕು ಹಿಡೀತಾನೆ. ಲಕಾನೆ ನಿನಗೆ ಏನೂ ಅಲ್ವಾ?"

"ಲಕಾನೇನ ಬೆನ್ನ ಮೇಲೆ ಹೊತ್ತು ಬೆಳೆಸಿದೋಳು ನಾನು. ಸೇಡು ಬೇಕಿದ್ರೆ ಕೊಡಲಿ ಯಾಕೆ, ನನ್ನ ಹತ್ರ ಸೂಜಿ ಇದೆ. ಮುಂದಿನ ತಿಂಗಳು ನಿನ್ನ ಹೆಂಡತಿ ಹೆರಿಗೆಗೆ ಇಲ್ಲಿಗೇ ತಾನೆ ಬರೋದು? ಒಂದು ಕೂಸನ್ನ ಕೊಂದ ಕೈಗೆ ಅವಳನ್ನ ಒಪ್ಪಿಸ್ತೀಯಾ?"

ಟೀಪಾಯ್ ಉಗುಳಿ ಹೋದ. ಅದೇ ಸಂಜೆ ನನ್ನ ಹೊಲದ ಗೆಣಸಿನ ಬಳ್ಳಿಗಳನ್ನು ನಮ್ಮವರೇ ಬುಡಸಮೇತ ಕಿತ್ತುಹಾಕಿದ್ದರು. ತವರಿನಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ.

ಹತ್ತೊಂಬತ್ತನೆಯ ದಿನ ಕೂಸು ಒಂದೂವರೆ ಕಿಲೋ ದಾಟಿತು, ನಳಿಗೆ ತೆಗೆದರೂ ಲೋಟದಿಂದ ನೆಕ್ಕಿ ಕುಡಿಯಿತು. ಚರ್ಚಿನ ಗಾಡಿ ಗಾಯಾಳುಗಳನ್ನು ಪಟ್ಟಣದ ದೊಡ್ಡಾಸ್ಪತ್ರೆಗೆ ಒಯ್ಯುತ್ತಿತ್ತು. ಅದರಲ್ಲಿ ಮುದುಕಿಯನ್ನು ಹತ್ತಿಸಿದೆ.

"ಏನು ಹೆಸರಿಡ್ತೀಯ?"

"ನಿನಗ್ಯಾಕೆ?" ಎಂದು ಬಟ್ಟೆ ಎಳೆದು ಕೂಸಿನ ಮುಖ ಮುಚ್ಚಿದಳು. ಗಾಡಿ ತಿರುವು ದಾಟುವವರೆಗೂ ಈ ಕಡೆ ನೋಡಲಿಲ್ಲ.

ಒಳಗೆ ಬಂದೆ. ಲೀಪಾನ್ ಎದ್ದು ಕೂತಿದ್ದಳು.

"ಹೋದಳಾ?"

"ಹೋದಳು."

"ದಾರೀಲಿ ಅದಕ್ಕೆ ಕುಡಿಸೋಕೆ ಏನಿದೆ?"

"ಬೆಳಿಗ್ಗೆ ನೀನು ಕೊಟ್ಟಿದ್ದು, ಅರ್ಧ ಲೋಟ."

"ಸಾಲಲ್ಲ," ಎಂದಳು ಲೀಪಾನ್, ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು.