ಅರಗಿನ ಲಕೋಟೆಯಲ್ಲಿ ಒಂದು ಕಿವಿ

ನನ್ನನ್ನು ಅಂಗೈಯಲ್ಲಿ ಇಟ್ಟುಕೊಂಡರೆ ಹುರಿದ ಗೋಡಂಬಿ ಎಂದುಕೊಂಡೀರಿ. ಬಣ್ಣವೂ ಅದೇ, ಬಾಗೂ ಅದೇ. ಬಾಯಿಗೆ ಹಾಕಿಕೊಳ್ಳಬೇಡಿ, ನಾನು ಕಿವಿಯ ಯಂತ್ರ. ಕಿವಿ ಮಂದವಾದವರ ಕಿವಿಯ ಹಿಂದೆ ಕುಳಿತು, ಲೋಕದ ಸದ್ದನ್ನು ಹಿಡಿದು, ದೊಡ್ಡದು ಮಾಡಿ ಒಳಗೆ ಕಳಿಸುವುದು ನನ್ನ ಕೆಲಸ.

ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಬಿಳಿ ಟೋಪಿಯ ಹೆಣ್ಣುಮಗಳೊಬ್ಬಳು ನನ್ನ ಹೊಟ್ಟೆಯೊಳಗೆ ಕೂದಲಿನಂಥ ತಂತಿ ಕೂಡಿಸಿ, ಉಫ್ ಎಂದು ಊದಿ ಪರೀಕ್ಷೆ ಮಾಡಿದಳು. ನಾನು ಕೇಳಿದ ಮೊದಲ ಸದ್ದು ಅವಳ ಉಸಿರು. ಆಮೇಲೆ ಡಬ್ಬಿ, ಕತ್ತಲೆ, ಲಾರಿಯ ಕುಲುಕಾಟ, ಬಹಳ ದಿನಗಳ ಜೊಂಪು. ಎಚ್ಚರವಾದಾಗ ರೇಷ್ಮೆಗೂಡಿನ ಮಾರುಕಟ್ಟೆ ಇರುವ ಒಂದು ಊರಿನ ಅಂಗಡಿಯಲ್ಲಿ, ಗಾಜಿನ ಬೀರುವಿನೊಳಗೆ ಇದ್ದೆ.

ಅಲ್ಲಿಗೆ ಬಂದವಳು ಚಿಕ್ಕತಾಯಮ್ಮ. ಇಪ್ಪತ್ತೆರಡು ವರ್ಷದಿಂದ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ. ಕುದಿಯುವ ನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೂ ಕಾಣದ ಎಳೆಯ ತುದಿಯನ್ನು ಅವಳ ಬೆರಳು ಹುಡುಕಿ ತೆಗೆಯುತ್ತಿತ್ತು. ಯಂತ್ರಗಳ ಗದ್ದಲ ಅವಳ ಕಿವಿಯನ್ನು ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ತಿಂದಿತ್ತು. ಒಂದು ದಿನ ಬಾಯ್ಲರಿನ ಸೀಟಿ ಹೊಡೆದು ಎಲ್ಲರೂ ಹೊರಗೆ ಓಡಿದರೂ ಅವಳೊಬ್ಬಳು ಎಳೆ ಹುಡುಕುತ್ತ ಕೂತೇ ಇದ್ದಳು. ಮಾಲೀಕರಾದ ಅಮಾನುಲ್ಲಾ ಸಾಹೇಬರು ಹೆದರಿಬಿಟ್ಟರು. "ನೋಡಿ ತಾಯಮ್ಮ, ಸೀಟಿ ಕೇಳ್ಸಲಿಲ್ಲ ಅಂದ್ರೆ ನಾನು ನಿಮ್ಮನ್ನ ಇಲ್ಲಿ ಕೂರಿಸೋ ಹಂಗಿಲ್ಲ. ಆಚೆ ಕೋಣೇಲಿ ಗೂಡು ಆರಿಸ್ಕೊಂಡಿರಿ" ಎಂದರಂತೆ. ಗೂಡು ಆರಿಸುವುದು ಯಾರು ಬೇಕಾದರೂ ಮಾಡುವ ಕೆಲಸ. ಅವಳಿಗೆ ತನ್ನ ಬೆರಳಿನ ವಿದ್ಯೆಯನ್ನು ಬಿಟ್ಟು ಬದುಕುವುದು ಬೇಕಿರಲಿಲ್ಲ.

ಅಂಗಡಿಯ ತ್ರಿಲೋಚನನಿಗೆ ಅವಳು ಇದೆಲ್ಲವನ್ನೂ ಬಿಡಿಸಿ ಹೇಳಿದಳು. ಆವಿಯ ಮಾತನ್ನಂತೂ ಎರಡು ಸಲ ಹೇಳಿದಳು. ಅವನು ನನ್ನನ್ನು ಅವಳ ಕಿವಿಗೆ ಸಿಕ್ಕಿಸುತ್ತ, "ಎಲ್ ಬೇಕಾದ್ರೂ ಹಾಕ್ಕೊಳ್ಳಿ ಅಮ್ಮ, ಏನೂ ಆಗಲ್ಲ. ಗ್ಯಾರಂಟಿ" ಎಂದ. ನನಗೆ ಆ ಮಾತಿನಿಂದ ಹೆಮ್ಮೆಯಾಯಿತು. ನನ್ನ ಹಣೆಬರಹ ನನಗೇ ಗೊತ್ತಿರಲಿಲ್ಲ ನೋಡಿ.

ಮರುದಿನ ನೂಲು ಬಿಚ್ಚುವ ಕೋಣೆಯಲ್ಲಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆವಿ ನನ್ನ ಗಂಟಲಿಗೆ ಇಳಿಯಿತು. ಸದ್ದುಗಳೆಲ್ಲ ದೂರ ದೂರ ತೇಲಿಹೋಗಿ, ನೀರಿನ ತಳದಲ್ಲಿ ಮಲಗಿದಂತೆ ಮೌನವಾದೆ. ಅವಳು ಮನೆಗೆ ಹೋಗಿ ನನ್ನನ್ನು ಸೆರಗಿನಲ್ಲಿ ಒರೆಸಿ ಕಿಟಕಿಯಲ್ಲಿ ಇಟ್ಟರೆ ಸಂಜೆಗೆ ಮತ್ತೆ ಎಚ್ಚರವಾಗುತ್ತಿತ್ತು. ಹೀಗೇ ಹನ್ನೊಂದು ದಿನ ನಡೆಯಿತು. ಅಂಗಡಿಗೆ ಹೋದರೆ ತ್ರಿಲೋಚನ, "ಈಗ ಕೇಳಿಸ್ತಿದ್ಯಲ್ಲಮ್ಮ, ಮತ್ತೇನು?" ಎಂದು ನಕ್ಕು ಕಳಿಸಿದ. ಅವಳನ್ನು ಗೂಡು ಆರಿಸಲು ಕೂರಿಸಿದರು.

ಕೊಂಡ ವಸ್ತುವಿನಲ್ಲಿ ಮೋಸವಾದರೆ ದೂರು ಕೊಡಲು ಗ್ರಾಹಕರ ಆಯೋಗವಿದೆ, ಅದಕ್ಕೆ ವಕೀಲರೇ ಆಗಬೇಕೆಂದಿಲ್ಲ ಎಂದು ಅವಳಿಗೆ ಯಾರೋ ಹೇಳಿದರು. ಅವಳ ತಂಗಿ ಅರ್ಜಿ ಬರೆದುಕೊಟ್ಟಳು.

ವಿಚಾರಣೆಯ ದಿನ ನಾನು ಅವಳ ಕಿವಿಯಲ್ಲೇ ಇದ್ದೆ. ಎತ್ತರದ ಫ್ಯಾನು, ಒಣ ಗಾಳಿ, ನನಗೆ ಸ್ವರ್ಗ. ಅಂಗಡಿಯ ಪರ ವಕೀಲ ಅವಳ ಬೆನ್ನ ಹಿಂದೆ ನಿಂತು ಮೆಲ್ಲಗೆ, "ಅಮ್ಮ, ನಿಮ್ಮ ಸೆರಗು ನೆಲ ಗುಡಿಸ್ತಿದೆ" ಎಂದ. ನಾನು ಗುಲಗಂಜಿಯಷ್ಟೂ ಬಿಡದೆ ಅದನ್ನು ಅವಳಿಗೆ ಮುಟ್ಟಿಸಿದೆ. ಅವಳು ಥಟ್ಟನೆ ಸೆರಗು ಎಳೆದುಕೊಂಡಳು. ಇಡೀ ಸಭೆ ಗೊಳ್ಳೆಂದಿತು. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಅವಳು ಕಿವುಡಿಯ ನಟನೆ ಮಾಡಲಿಲ್ಲ. "ಇಲ್ಲಿ ಕೇಳುಸ್ತದೆ ಮೇಡಮ್ಮೋರೆ" ಎಂದಳು. "ಇಲ್ಲೇನು ನಂಗೆ ಕೆಲ್ಸ? ನಾನು ಕೂರೋದು ಬೇಯೋ ನೀರಿನ ಮುಂದೆ. ಅಲ್ಲಿ ಇದು ಸತ್ತೋಯ್ತದೆ."

ಪೀಠದಲ್ಲಿದ್ದ ವಿನೋದಿನಿ ಮೇಡಂ ಕ್ಯಾಂಟೀನಿನಿಂದ ಕುದಿಯುವ ನೀರು ತರಿಸಿದರು. ಬಾಗಿಲಲ್ಲಿ ಹೆಸರು ಕೂಗುವ ದಫೇದಾರ ಹೊಂಬಯ್ಯ ನನ್ನನ್ನು ಆವಿಗೆ ಹಿಡಿದರು. ನನಗೆ ಮಂಪರು ಕವಿಯಿತು. ಮತ್ತೆ ಅವಳ ಕಿವಿಗೆ ಸಿಕ್ಕಿಸಿದ ಮೇಲೆ ವಕೀಲ ಬೆನ್ನ ಹಿಂದೆ ಗಂಟಲು ಹರಿಯುವಂತೆ ಕೂಗಿದರೂ ಚಿಕ್ಕತಾಯಮ್ಮ ಕತ್ತು ತಿರುಗಿಸಲಿಲ್ಲವಂತೆ. ಆವಿಗೆ ಜಗ್ಗದ ಬೇರೆ ಯಂತ್ರವನ್ನು ನಲವತ್ತೈದು ದಿನದೊಳಗೆ ಕೊಡಬೇಕೆಂದು ಆದೇಶವಾಯಿತು. ನಾನು ಸಾಕ್ಷಿಯ ವಸ್ತುವಾದ್ದರಿಂದ ನನ್ನನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಬೀರುವಿನಲ್ಲಿ ಇಟ್ಟರು.

ಗೆದ್ದವಳು ಬರಿಗಿವಿಯಲ್ಲಿ ಮನೆಗೆ ಹೋದಳು.

ನಲವತ್ತೈದು ದಿನ ಹೋಯಿತು, ವರ್ಷವೂ ಹೋಯಿತು. ತ್ರಿಲೋಚನ ಅತ್ತ ತಲೆ ಹಾಕಲಿಲ್ಲ. ಆದೇಶ ಕೊಟ್ಟವರೇ ಜಾರಿ ಮಾಡಿಸಲೂ ಬೇಕಲ್ಲ, ಅದಕ್ಕೆ ಇನ್ನೊಂದು ಅರ್ಜಿ, ಇನ್ನೊಂದು ಸಾಲು ದಿನಾಂಕ. ನಾನು ಕಾಗದಗಳ ನಡುವೆ ತೂಕಡಿಸುತ್ತ ಬಿದ್ದಿದ್ದೆ. ಪಕ್ಕದಲ್ಲಿ ಸುಟ್ಟುಹೋದ ಇಸ್ತ್ರಿಪೆಟ್ಟಿಗೆ, ಹಿಡಿ ಮುರಿದ ಕುಕ್ಕರ್. ನನ್ನ ಬ್ಯಾಟರಿ ಎಂದೋ ಸತ್ತಿತ್ತು. ಆದರೂ ಹೊರಗಿನ ಮಾತು ನನಗೆ ಕೇಳಿಸುತ್ತಿತ್ತು. ಹೇಗೆಂದು ಕೇಳಬೇಡಿ, ಕಿವಿಯಾಗಿ ಹುಟ್ಟಿದ ಮೇಲೆ ಕೇಳಿಸದೆ ಇರುವುದು ಕಷ್ಟ.

ಒಂದು ದಿನ ಹೊಂಬಯ್ಯ ಬಾಗಿಲಲ್ಲಿ ನಿಂತು ಕೂಗಿದರು. "ಚಿಕ್ಕತಾಯಮ್ಮ!"

ನನಗೆ ಜುಮ್ಮೆಂದಿತು. ಅವಳು ಬಂದಿದ್ದಳು. ಬೆಳಿಗ್ಗೆಯೇ ಹೊರಗಿನ ಬೆಂಚಿನ ಕಡೆಯಿಂದ ಅವಳ ಕೆಮ್ಮು ಕೇಳಿಸಿತ್ತು. ಆದರೆ ಜೊತೆಗೆ ಬರುತ್ತಿದ್ದ ತಂಗಿಯ ದನಿ ಇರಲಿಲ್ಲ.

"ಚಿಕ್ಕತಾಯಮ್ಮ!"

ಅವಳಿಗೆ ಕೇಳಿಸುವುದಾದರೂ ಹೇಗೆ? ಅವಳ ಕಿವಿ ಇಲ್ಲಿ ಬೀಗದೊಳಗೆ ಬಿದ್ದಿದೆ. ಕೇಳಿದ್ದನ್ನು ಅವಳಿಗೆ ಮುಟ್ಟಿಸುವುದೊಂದೇ ನನಗೆ ಗೊತ್ತಿದ್ದ ಕೆಲಸ. ಲಕೋಟೆಯೊಳಗೆ ಒದ್ದಾಡಿಹೋದೆ.

ಮೂರನೆಯ ಸಲವೂ ಕೂಗಿದರು. ಅರ್ಜಿದಾರಳು ಗೈರುಹಾಜರು, ಅರ್ಜಿ ವಜಾ ಎಂದು ಬರೆಸಿದರು. ತ್ರಿಲೋಚನನ ವಕೀಲ ಚಪ್ಪಲಿ ಸದ್ದು ಮಾಡುತ್ತ ಹೊರಟುಹೋದ. ಅವಳ ಮುಂದೆಯೇ ಹೋಗಿರಬೇಕು.

ಮಧ್ಯಾಹ್ನ ಊಟಕ್ಕೆ ಹೊರಟ ಹೊಂಬಯ್ಯ ಬೆಂಚಿನ ಹತ್ತಿರ ನಿಂತದ್ದು ನನಗೆ ತಿಳಿಯಿತು. "ಯಾರಮ್ಮ ನೀವು? ಯಾಕಿನ್ನೂ ಕೂತಿದೀರಾ?"

ಅವರು ಬಗ್ಗಿ, ಕೈಸನ್ನೆ ಮಾಡಿ ಎರಡು ಸಲ ಕೇಳಿರಬೇಕು. "ಇನ್ನೂ ಕೂಗ್ನಿಲ್ವಲ್ಲ ಸ್ವಾಮಿ" ಎಂದಳು ಅವಳು. "ಕೂಗಿದ್ ಮ್ಯಾಲೆ ಬತ್ತೀನಿ."

ಹೊಂಬಯ್ಯ ಊಟಕ್ಕೆ ಹೋಗಲಿಲ್ಲ. ಒಳಗೆ ಬಂದು, "ತಪ್ಪಾಯ್ತು ಮೇಡಂ, ನಾನು ಬಾಗಿಲಲ್ಲೇ ನಿಂತ್ಕೊಂಡು ಕೂಗ್ಬಿಟ್ಟೆ" ಎಂದರು. ಬೀರು ತೆರೆಯಿತು, ಬೆಳಕು ಬಂತು. ಸಾಕ್ಷಿಯ ವಸ್ತುವಿನ ಅರಗು ಒಡೆಯುವಂತಿಲ್ಲ ಎಂದು ಯಾರೋ ಗೊಣಗಿದರು. "ಒಡೀರಿ, ನಾನು ಬರೆದುಕೊಡ್ತೀನಿ" ಎಂದರು ವಿನೋದಿನಿ ಮೇಡಂ. ಹೊಸ ಬ್ಯಾಟರಿ ತರಿಸಿ, ತಾವೇ ಬೆಂಚಿನ ತನಕ ನಡೆದು ಬಂದು ನನ್ನನ್ನು ಅವಳ ಕಿವಿಗೆ ಸಿಕ್ಕಿಸಿದರು.

"ಚಿಕ್ಕತಾಯಮ್ಮ" ಎಂದು ಮೆಲ್ಲಗೆ ಕರೆದರು.

"ಇವ್ನಿ ಮೇಡಮ್ಮೋರೆ" ಎಂದಳು ಅವಳು, ಎದ್ದು ನಿಂತು. "ಬೆಳಗ್ಗಿಂದ ಇಲ್ಲೇ ಇವ್ನಿ."

ಸಂಜೆಯೊಳಗೆ ಅರ್ಜಿಗೆ ಮತ್ತೆ ಜೀವ ಬಂತು, ತ್ರಿಲೋಚನನಿಗೆ ವಾರಂಟೂ ಹೋಯಿತು. ಎಂಟನೇ ದಿನ ಅವನೇ ಬೆವರುತ್ತ ಆಯೋಗಕ್ಕೆ ಹೊಸ ಯಂತ್ರ ತಂದುಕೊಟ್ಟ. ಅದು ಆವಿಗೂ ಜಗ್ಗುವುದಿಲ್ಲವಂತೆ. ಚಿಕ್ಕತಾಯಮ್ಮ ತನ್ನ ಹಳೆಯ ಜಾಗಕ್ಕೆ, ಬೇಯುವ ನೀರಿನ ಮುಂದಕ್ಕೆ ಹೋದಳು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಹೊರಡುವ ಮೊದಲು ಅವಳು ನನ್ನನ್ನು ಕಿವಿಯಿಂದ ತೆಗೆದು, ಒಮ್ಮೆ ಸೆರಗಿನಲ್ಲಿ ಒರೆಸಿ ಆಯೋಗದ ಮೇಜಿನ ಮೇಲೆ ಇಟ್ಟಿದ್ದಳು. ನನಗೆ ಅಷ್ಟು ಸಾಕು.

ಈಗ ನನಗೆ ವಯಸ್ಸಾಗಿದೆ. ಅದೇ ಬೀರು, ಅದೇ ಮೂಲೆ. ಹೊರಗೆ ದಿನವೂ ಹೆಸರು ಕೂಗುತ್ತಾರೆ. ಒಂದು ಸಲ, ಎರಡು ಸಲ, ಮೂರು ಸಲ. ಉತ್ತರ ಬಾರದಿದ್ದರೆ ನನ್ನ ಜೀವ ಬಾಯಿಗೆ ಬರುತ್ತದೆ. ಆಗ ಹೊಂಬಯ್ಯನ ಹೆಜ್ಜೆಯ ಸದ್ದು ಬಾಗಿಲು ದಾಟಿ, ನಿಧಾನವಾಗಿ, ಬೆಂಚಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಒಬ್ಬೊಬ್ಬರ ಮುಂದೆಯೂ ನಿಂತು ನಿಂತು ಹೋಗುತ್ತದೆ. ಅದು ಕೊನೆಯವರ ತನಕ ಹೋಗಿ ಬಂದ ಮೇಲೆಯೇ ನಾನು ನಿದ್ದೆಗೆ ಜಾರುವುದು.