ಮೇಡಂ, ದಯವಿಟ್ಟು ನೋಡಿ

ಒದ್ದೆ ಕಾಲುಚೀಲ ಬೆರಳಿಗೆ ಅಂಟಿಕೊಂಡು ಬಿಡಲೊಲ್ಲದು, ಇನ್ನೊಂದು ಕೈಯಲ್ಲಿ ಮೊಬೈಲು, ಮೇಡಂ ಅಂತೆ, ಮೇಡಂ — ಆ ಒಂದು ಪದಕ್ಕಾಗಿಯೇ ಬೆಳಿಗ್ಗೆಯಿಂದ ಐದು ಸಲ ಮೆಸೇಜು ತೆರೆದಿದ್ದಾಳೆ, ಮೇಡಂ, ನಿಮ್ಮ ಪೇಜ್ ದಿನಾ ನೋಡ್ತೀನಿ, ನನ್ನ ಮಗನಿಗೆ ಎರಡೂವರೆ ವರ್ಷ, ಒಂದು ಮಾತೂ ಆಡಲ್ಲ, ವಿಡಿಯೊ ಕಳಿಸಿದ್ದೀನಿ, ದಯವಿಟ್ಟು ನೋಡಿ, ನಮ್ಮನೇಲಿ ಯಾರಿಗೂ ಗೊತ್ತಾಗಬಾರದು. ಬರೆದದ್ದು ಓರಗಿತ್ತಿ, ಗಂಡನ ಅಣ್ಣನ ಹೆಂಡತಿ, ಇವಳು ಅಕ್ಕಾ ಎಂದು ಕರೆಯುವ ಅದೇ ಅಕ್ಕ. ಪೇಜು ಇವಳದೆಂದು ಅಕ್ಕನಿಗೆ ಗೊತ್ತಿಲ್ಲ, ಗೊತ್ತಾಗುವುದಾದರೂ ಹೇಗೆ, ಅಲ್ಲಿ ಕಾಣುವುದು ಬರೀ ಎರಡು ಕೈ, ದನಿ ಪಕ್ಕದ ಮನೆ ಟೀಚರದು, ಬಟ್ಟೆ ಮಡಚುತ್ತ ತಟ್ಟೆ ತೊಳೆಯುತ್ತ ಪುಟ್ಟ ಮಗುವಿನ ಜೊತೆ ಹೇಗೆ ಮಾತಾಡಬೇಕು ಎಂದು — ಅಂಗಿ, ಅಪ್ಪನ ಅಂಗಿ, ಒದ್ದೆ ಅಂಗಿ, ಈಗ ಸುಮ್ಮನಾಗಿ, ಮನಸ್ಸಲ್ಲೇ ಹತ್ತು ಎಣಿಸಿ, ಮಗು ತನ್ನ ಸರದಿ ತೆಗೆದುಕೊಳ್ಳಲಿ. ಇದನ್ನೆಲ್ಲ ಇವಳು ಕಲಿತದ್ದು ಯಾವ ಹಟಕ್ಕೆ, ಮೂರು ವರ್ಷದ ಹಿಂದೆ, ಮನೆ ತುಂಬ ನೆಂಟರು, ಮಗಳಿಗೂ ಆಗ ಇದೇ ವಯಸ್ಸು, ಏನೇ, ಇವಳ ನಾಲಿಗೇನ ಆಸ್ಪತ್ರೇಲೇ ಮರೆತು ಬಂದ್ಯಾ, ಅಕ್ಕ ಹೇಳಿದ್ದೇ ತಡ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಅತ್ತೆಯೂ ನಕ್ಕರು, ಗಂಡ ಚಪ್ಪಲಿ ಹುಡುಕುವವನಂತೆ ಬಗ್ಗಿದ, ಅದಾದರೂ ಹೋಗಲಿ, ಮಗಳೂ ನಕ್ಕಿದ್ದಳು, ಎಲ್ಲರ ಮುಖ ನೋಡಿ, ಚಪ್ಪಾಳೆ ತಟ್ಟಿಕೊಂಡು.

ಅಮ್ಮಾ, ಮೆಷಿನ್ ಯಾಕೆ ನಿಂತೋಯ್ತು, ಅದಕ್ಕೆ ಸುಸ್ತಾಯ್ತಾ, ಅದಕ್ಕೆ ನೀರು ಕೊಡೋಣ್ವಾ — ಬೇಡ ಕಂದ, ಅದು ಈಗಷ್ಟೇ ಹೊಟ್ಟೆ ತುಂಬ ಕುಡಿದಿದೆ, ಹೋಗಿ ಕ್ಲಿಪ್ಪಿನ ಡಬ್ಬ ತಗೊಂಬಾ — ಅದೇ ಮಗಳು, ಈಗ ಒಂದು ಗಳಿಗೆ ಬಾಯಿ ಮುಚ್ಚಿದರೆ ಕೇಳಿ, ಅಕ್ಕ. ಅಕ್ಕ ಕಳಿಸಿದ ವಿಡಿಯೊವನ್ನು ಇವಳು ಪೇಜಿಗೆ ಹಾಕಿಬಿಡುತ್ತಾಳೆ, ಹೀಗೆ ಮಾಡಬೇಡಿ ಎಂದು ಮೇಲೆ ಬರೆದು, ಮುಖಗಳನ್ನು ಮಸುಕು ಮಾಡಿ, ಅಷ್ಟು ನ್ಯಾಯ ಇವಳಿಗೂ ಗೊತ್ತು, ದನಿಯನ್ನು ಮಾತ್ರ ಹಾಗೇ ಬಿಟ್ಟು. ಸಂಜೆಯೊಳಗೆ ನಾದಿನಿಯರ ಮೊಬೈಲಿಗೆ ತಲುಪುತ್ತದೆ, ಇದು ಅವಳದೇ ದನಿ ಅಲ್ವೇನ್ರೇ, ಕುರ್ಚಿ ನೋಡಿ, ಕಿಟಕಿ ಪರದೆ ನೋಡಿ, ಅವಳ ಮಗನಿಗೂ ಮಾತು ಬಂದಿಲ್ವಂತೆ, ನಗಲಿ, ಚೆನ್ನಾಗಿ ನಗಲಿ, ಅಕ್ಕ ಗೋಡೆ ಕಡೆ ತಿರುಗಿ ನಿಂತು ಹತ್ತಲ್ಲ, ಮೂರು ವರ್ಷ ಎಣಿಸಲಿ.

ಹಾಕುವ ಮೊದಲು ವಿಡಿಯೊದ ಆರಂಭದ ತುದಿ ಕತ್ತರಿಸಬೇಕು, ಪರದೆಯ ಮೇಲೆ ಬೆರಳು ಎಳೆಯುತ್ತಾಳೆ, ಅಕ್ಕನ ಕೈಯಲ್ಲಿ ಆಟದ ಬಸ್ಸು, ಇದೇನು ಹೇಳು, ಬಸ್ಸು, ಬಸ್ಸು ಅನ್ನೋ, ಅನ್ನಲ್ವಾ, ಸರಿ ತಗೋ — ಮಾತಿನ ನಡುವೆ ಸೂಜಿ ತೂರಿಸಲೂ ಸಂದಿಲ್ಲ, ನೋಡಿದವರೆಲ್ಲ ಉಗಿಯುತ್ತಾರೆ, ಉಗಿಯಲಿ, ಇನ್ನಷ್ಟು ನಿಧಾನಕ್ಕೆ ಎಳೆದರೆ, ಅನ್ನಲ್ವಾ ಎಂಬುದಕ್ಕೂ ತಗೋ ಎಂಬುದಕ್ಕೂ ನಡುವೆ ಇದೇನು — ಹುಡುಗ ತುಟಿ ಬಿಗಿದಿದ್ದಾನೆ, ಕೆನ್ನೆ ಉಬ್ಬಿದೆ, ಬ ಎನ್ನಲು ಹೊರಟಂತೆ. ಬಸ್ಸು ಕೈಗೆ ಬಂತು, ತುಟಿ ಸಡಿಲವಾಯಿತು. ಅಕ್ಕ ನೋಡಿಲ್ಲ, ಅಕ್ಕ ಬಸ್ಸನ್ನೇ ನೋಡುತ್ತಿದ್ದಳು. ನೋಡಿದವಳು ಈ ಲೋಕದಲ್ಲಿ ಇವಳೊಬ್ಬಳೇ, ನೋಡದಿರಲಿ, ನಾನ್ಯಾಕೆ ಹೇಳಲಿ, ನನಗ್ಯಾರು ಹೇಳಿದ್ದರು, ಹೆಬ್ಬೆರಳು ಪೋಸ್ಟ್ ಎಂಬಲ್ಲಿಗೆ ಹೋಗುತ್ತದೆ, ನಾಲಿಗೇನ ಆಸ್ಪತ್ರೇಲೇ — ಹಿಂದಕ್ಕೆ ಎಳೆಯುತ್ತಾಳೆ, ಬಿಗಿದ ತುಟಿ, ಮುಂದಕ್ಕೆ, ಸಡಿಲ ತುಟಿ, ಮತ್ತೆ ಹಿಂದಕ್ಕೆ, ನಿಲ್ಲಿಸುತ್ತಾಳೆ, ಬಿಗಿದ ತುಟಿ, ಉಬ್ಬಿದ ಕೆನ್ನೆ, ಬಿಗಿದ ತುಟಿ